ಏರಿದ ಬಿಪಿ ಹೃದಯಕ್ಕೆ ಏನು ಮಾಡುತ್ತದೆ?

ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿ ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಹುಡುಕುವುದು ‘ಇಎಫ್’ ಎಂಬುದರ ಮುಂದಿರುವ ಅಂಕಿಯನ್ನು. ಅಲ್ಲಿ 60% ಎಂದಿದ್ದರೆ ಮನೆಮಂದಿಗೆಲ್ಲ ನಿರಾಳ. ಪಂಪಿಂಗ್ ಚೆನ್ನಾಗಿದೆ, ಹಾರ್ಟ್ ಗಟ್ಟಿಯಾಗಿದೆ ಎಂದು ಊರಿಗೆಲ್ಲ ಫೋನ್ ಹೋಗುತ್ತದೆ. ಬಿಪಿ ಇರುವವರ ವರದಿಯಲ್ಲಿ ಅದರ ಕೆಳಗೆ ಎಷ್ಟೋ ಸಲ ಇನ್ನೆರಡು ಸಾಲು ಇರುತ್ತವೆ: ‘ಕಾನ್ಸೆಂಟ್ರಿಕ್ ಎಲ್‌ವಿಎಚ್’, ‘ಗ್ರೇಡ್ 1 ಡಯಸ್ಟಾಲಿಕ್ ಡಿಸ್‌ಫಂಕ್ಷನ್’. ಅವನ್ನು ಓದುವವರು ಕಡಿಮೆ. ಓದಿದರೂ ‘ವಯಸ್ಸಾಯಿತಲ್ಲ, ಇರುತ್ತೆ ಬಿಡಿ’ ಎಂದು ಫೈಲಿಗೆ ಸೇರಿಸಿಬಿಡುತ್ತಾರೆ. ವರ್ಷಗಟ್ಟಲೆ ಏರಿದ ಬಿಪಿ ಹೃದಯದಲ್ಲಿ ಮಾಡಿದ ಬದಲಾವಣೆ ದಾಖಲಾಗಿರುವುದು ಆ ಎರಡು ಸಾಲುಗಳಲ್ಲೇ. ಅವನ್ನು ಅರ್ಥ ಮಾಡಿಕೊಂಡರೆ ಬಿಪಿ ಮಾತ್ರೆಯನ್ನು ಯಾಕೆ ಬಿಡಬಾರದು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಆರೋಗ್ಯವಂತರ ಹೃದಯ ಪ್ರತಿ ಬಡಿತಕ್ಕೆ ಹೆಚ್ಚುಕಡಿಮೆ 70 ಮಿಲಿಲೀಟರ್ ರಕ್ತವನ್ನು ಹೊರಹಾಕುತ್ತದೆ. ನಿಮಿಷಕ್ಕೆ 70 ಬಡಿತವೆಂದರೆ ಸುಮಾರು 5 ಲೀಟರ್. ಇದನ್ನು ಇಡೀ ದೇಹಕ್ಕೆ ಕಳಿಸುವ ಹೊಣೆ ಎಡ ಕೆಳಕೋಣೆಯದು. ಆ ಕೋಣೆಗೂ ಮಹಾಪಧಮನಿಗೂ ನಡುವೆ ಒಂದು ಕವಾಟವಿದೆ. ಮಹಾಪಧಮನಿಯೊಳಗೆ ಒತ್ತಡ ಸದಾ ಇದ್ದೇ ಇರುತ್ತದೆ: ಹೃದಯ ಹಿಂಡಿದಾಗ 120ರ ಆಸುಪಾಸಿಗೆ ಏರಿ, ಸಡಿಲಗೊಂಡಾಗ 80ರ ಆಸುಪಾಸಿಗೆ ಇಳಿಯುತ್ತದೆ. ನಾವು 120/80 ಎನ್ನುವ ಬಿಪಿ ಇದೇ. ಅಳತೆ ಪಾದರಸದ ಮಿಲಿಮೀಟರಿನಲ್ಲಿ.

ಕೋಣೆಯೊಳಗಿನ ಒತ್ತಡ ಹೊರಗಿನ 80ನ್ನು ಮೀರಿದರಷ್ಟೇ ಕವಾಟ ತೆರೆದುಕೊಳ್ಳುತ್ತದೆ. ಕೆಳಗಿನ ಬಿಪಿ 100 ಇರುವವರಲ್ಲಿ ಅದು 100ನ್ನು ಮೀರಬೇಕು. ಹೊರಗಿನಿಂದ ಯಾರೋ ಒರಗಿ ನಿಂತ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆಯುವಂಥ ಕೆಲಸ ಇದು. ದಿನಕ್ಕೆ ಒಂದು ಲಕ್ಷ ಸಲ, ನಿದ್ದೆಯಲ್ಲೂ ಬಿಡುವಿಲ್ಲ. ಅದೇ 70 ಮಿಲಿಲೀಟರನ್ನು 120ರ ಬದಲು 180ರ ಒತ್ತಡಕ್ಕೆ ಎದುರಾಗಿ ತಳ್ಳಬೇಕಾದರೆ ಹೃದಯದ ದುಡಿಮೆ ಸುಮಾರು ಒಂದೂವರೆ ಪಟ್ಟಾಗುತ್ತದೆ.

ಒತ್ತಡ ಏರುವುದಕ್ಕೆ ಕಾರಣಗಳು ಹಲವು. ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುವುದು, ಮೂತ್ರಪಿಂಡ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವುದು, ತೂಕ, ಮದ್ಯ, ವಂಶ, ವಯಸ್ಸು ಎಲ್ಲವೂ ಸೇರುತ್ತವೆ. ವಯಸ್ಸಾದಂತೆ ಮಹಾಪಧಮನಿಯೇ ಪೆಡಸಾಗುತ್ತದೆ. ಹಾಗಾಗಿ ಅರವತ್ತು ದಾಟಿದ ಎಷ್ಟೋ ಮಂದಿಯಲ್ಲಿ ಮೇಲಿನ ಅಂಕಿ 170ಕ್ಕೆ ಏರಿ ಕೆಳಗಿನದು 70ಕ್ಕೇ ನಿಂತಿರುತ್ತದೆ. ‘ಕೆಳಗಿನದು ನಾರ್ಮಲ್ ಇದೆಯಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವ ಸ್ಥಿತಿ ಅದಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಹೊರೆ ಹೆಚ್ಚಾದಾಗ ಹೃದಯ ಸುಮ್ಮನಿರುವುದಿಲ್ಲ. ದೊಡ್ಡವರ ಹೃದಯದ ಸ್ನಾಯುಕೋಶಗಳು ಹೊಸದಾಗಿ ಹುಟ್ಟುವುದು ಬಹಳ ಅಪರೂಪ. ಇರುವ ಕೋಶಗಳೇ ತಮ್ಮೊಳಗೆ ಸಂಕುಚನದ ಎಳೆಗಳನ್ನು ಪಕ್ಕಪಕ್ಕಕ್ಕೆ ಸೇರಿಸಿಕೊಂಡು ದಪ್ಪವಾಗುತ್ತವೆ, ಅವುಗಳೊಂದಿಗೆ ಗೋಡೆಯೂ ದಪ್ಪವಾಗುತ್ತದೆ. ಇದರ ಹಿಂದೆ ಸ್ಪಷ್ಟವಾದ ಭೌತಶಾಸ್ತ್ರ ಇದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೆಸರಿನ ನಿಯಮದಂತೆ, ಗೋಡೆಯ ಮೇಲೆ ಬೀಳುವ ಎಳೆತವು ಒಳಗಿನ ಒತ್ತಡ ಮತ್ತು ಕೋಣೆಯ ಅಗಲ ಹೆಚ್ಚಿದಷ್ಟೂ ಹೆಚ್ಚುತ್ತದೆ, ಗೋಡೆ ದಪ್ಪವಾದಷ್ಟೂ ಹಂಚಿಹೋಗಿ ಕಡಿಮೆಯಾಗುತ್ತದೆ. ಅಂದರೆ ದಪ್ಪವಾಗುವ ಮೂಲಕ ಹೃದಯ ತನ್ನ ಒಂದೊಂದು ಕೋಶದ ಮೇಲಿನ ಹೊರೆಯನ್ನು ಮೊದಲಿನ ಮಟ್ಟಕ್ಕೆ ತಂದುಕೊಳ್ಳುತ್ತದೆ. ಆ ಹೊತ್ತಿಗೆ ಅದು ಸರಿಯಾದ ಉಪಾಯವೇ. ಎಡ ಕೆಳಕೋಣೆಯ ಗೋಡೆ ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ದಪ್ಪ ಇರುತ್ತದೆ. ಬಿಪಿ ವರ್ಷಗಟ್ಟಲೆ ಏರಿದವರಲ್ಲಿ 12, 13, ಕೆಲವೊಮ್ಮೆ 15ಕ್ಕೂ ಹೋಗುತ್ತದೆ. ವರದಿಯಲ್ಲಿ ‘ಎಲ್‌ವಿಎಚ್’ ಎಂದಿರುವುದು ಇದನ್ನೇ. ಗೋಡೆ ಒಳಮುಖವಾಗಿ ಬೆಳೆಯುವುದರಿಂದ ಎದೆಯ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾದಂತೆ ಕಾಣದೆಯೂ ಇರಬಹುದು.

ಬಿಪಿ ಅಳೆಯುವ ಉಪಕರಣ ಬರುವ ಮುಂಚೆಯೇ ವೈದ್ಯರು ಈ ದಪ್ಪ ಹೃದಯವನ್ನು ಕಂಡಿದ್ದರು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಮೂತ್ರಪಿಂಡದ ಕಾಯಿಲೆಯಿಂದ ಸತ್ತವರ ಹೃದಯದ ಎಡಭಾಗ ಬೆಳೆದಿರುವುದನ್ನು 1836ರಲ್ಲೇ ಬರೆದಿಟ್ಟರು. ತೋಳಿಗೆ ಕಟ್ಟುವ ಪಟ್ಟಿ ಬಂದದ್ದು 1896ರಲ್ಲಿ, ಇಟಲಿಯ ರಿವಾ-ರೋಚಿ ಅವರಿಂದ. ಸ್ಟೆತಸ್ಕೋಪಿನಲ್ಲಿ ಸದ್ದು ಆಲಿಸಿ ಮೇಲಿನ, ಕೆಳಗಿನ ಎರಡೂ ಅಂಕಿ ಹಿಡಿಯುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ ಹೇಳಿಕೊಟ್ಟದ್ದು 1905ರಲ್ಲಿ.

ಓಟಗಾರರ, ಕುಸ್ತಿಪಟುಗಳ ಹೃದಯವೂ ಬೆಳೆಯುತ್ತದಲ್ಲ, ಅದು ಒಳ್ಳೆಯದು ಎನ್ನುತ್ತಾರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವ್ಯಾಯಾಮದ ಹೊರೆ ದಿನಕ್ಕೆ ಒಂದೆರಡು ಗಂಟೆಯದು, ಉಳಿದ ಹೊತ್ತು ಹೃದಯಕ್ಕೆ ವಿಶ್ರಾಂತಿ. ಓಡುವವರಲ್ಲಿ ಗೋಡೆಯ ಜತೆ ಕೋಣೆಯೂ ಅಗಲವಾಗುತ್ತದೆ, ಸ್ನಾಯುವಿನ ಬೆಳವಣಿಗೆಗೆ ತಕ್ಕಂತೆ ಸೂಕ್ಷ್ಮ ರಕ್ತನಾಳಗಳೂ ಬೆಳೆಯುತ್ತವೆ, ಸಡಿಲಗೊಳ್ಳುವ ಗುಣ ಹಾಗೇ ಉಳಿಯುತ್ತದೆ. ಬಿಪಿಯ ಹೊರೆಯಲ್ಲಿ ಈ ಮೂರೂ ಕೈಕೊಡುತ್ತವೆ. ಸ್ನಾಯು ಬೆಳೆದಷ್ಟು ವೇಗದಲ್ಲಿ ಅದಕ್ಕೆ ರಕ್ತ ಒದಗಿಸುವ ನಾಳಗಳು ಬೆಳೆಯುವುದಿಲ್ಲ. ಒತ್ತಡ ಏರಿಸುವ ಆಂಜಿಯೋಟೆನ್ಸಿನ್, ಆಲ್ಡೋಸ್ಟೆರಾನ್ ಎಂಬ ಹಾರ್ಮೋನುಗಳೇ ಸ್ನಾಯುಕೋಶಗಳ ನಡುವೆ ನಾರಿನಂಥ ಕೊಲಾಜೆನ್ ಕೂಡುವಂತೆಯೂ ಮಾಡುತ್ತವೆ. ಹೀಗೆ ಗೋಡೆ ದಪ್ಪವಾಗುವುದರ ಜತೆಗೆ ಬಿರುಸೂ ಆಗುತ್ತದೆ.

ಇಲ್ಲಿ ಹೃದಯದ ಕೆಲಸದ ಇನ್ನೊಂದು ಅರ್ಧವನ್ನು ನೋಡಬೇಕು. ಹೃದಯವೆಂದರೆ ಹಿಂಡುವ ಯಂತ್ರ ಎಂದೇ ನಮ್ಮ ಕಲ್ಪನೆ. ಹಿಂಡಬೇಕಾದರೆ ಮೊದಲು ತುಂಬಬೇಕು, ತುಂಬಬೇಕಾದರೆ ಸ್ನಾಯು ಸಡಿಲಗೊಳ್ಳಬೇಕು. ಈ ಸಡಿಲಗೊಳ್ಳುವುದು ತನ್ನಷ್ಟಕ್ಕೆ ಆಗುವಂಥದ್ದಲ್ಲ, ಅದಕ್ಕೂ ಶಕ್ತಿ ಬೇಕು. ಪ್ರತಿ ಸಂಕುಚನಕ್ಕೂ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಅದನ್ನು ಮತ್ತೆ ಉಗ್ರಾಣಕ್ಕೆ ಪಂಪ್ ಮಾಡಿ ಹಾಕಿದರಷ್ಟೇ ಎಳೆಗಳು ಬಿಟ್ಟುಕೊಳ್ಳುತ್ತವೆ. ಆ ಪಂಪಿಗೆ ಆಮ್ಲಜನಕ ಬೇಕು, ಇಂಧನ ಬೇಕು. ದಪ್ಪವಾಗಿ, ರಕ್ತ ಸಾಲದೆ, ನಾರು ಸೇರಿಕೊಂಡ ಗೋಡೆಯಲ್ಲಿ ಮೊದಲು ಕುಂಟುವುದು ಈ ಕೆಲಸವೇ. ಹಿಂಡುವ ಬಲ ಸರಿಯಾಗಿರುವಾಗಲೇ ಸಡಿಲಗೊಳ್ಳುವ ವೇಗ ತಗ್ಗಿರುತ್ತದೆ. ‘ಡಯಸ್ಟಾಲಿಕ್ ಡಿಸ್‌ಫಂಕ್ಷನ್’ ಎಂದರೆ ಇದು. ವಯಸ್ಸಿನಿಂದಲೂ ಅದು ಅಷ್ಟಿಷ್ಟು ಬರುತ್ತದೆ ಎಂಬುದು ನಿಜ. ಆದರೆ ಗೋಡೆ ದಪ್ಪವಾಗಿರುವುದೂ ಎಡ ಮೇಲ್ಕೋಣೆ ಹಿಗ್ಗಿರುವುದೂ ಜತೆಗೆ ಕಂಡರೆ ವಯಸ್ಸಿನ ಮೇಲೆ ಹೊರೆಸಿ ಸುಮ್ಮನಿರುವಂತಿಲ್ಲ.

ಈಗ ಇಎಫ್‌ನ ಲೆಕ್ಕಕ್ಕೆ ಬರೋಣ. ಅದು ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಹೊರಹೋಯಿತು ಎಂಬ ಶೇಕಡಾ ಲೆಕ್ಕ ಮಾತ್ರ. ಒಬ್ಬರ ಕೋಣೆಯಲ್ಲಿ 120 ಮಿಲಿಲೀಟರ್ ತುಂಬಿ 72 ಹೊರಹೋದರೆ ಇಎಫ್ 60%. ಇನ್ನೊಬ್ಬರಲ್ಲಿ ಗೋಡೆ ದಪ್ಪವಾಗಿ ಕೋಣೆ ಕಿರಿದಾಗಿ, 80 ಮಿಲಿಲೀಟರ್ ಮಾತ್ರ ತುಂಬಿ 48 ಹೊರಹೋದರೂ ಇಎಫ್ 60%! ಅಂಕಿ ಒಂದೇ, ದೇಹಕ್ಕೆ ಸಿಕ್ಕ ರಕ್ತದಲ್ಲಿ ಮೂರನೇ ಒಂದು ಪಾಲು ಕಡಿಮೆ. ಹೃದಯ ವೈಫಲ್ಯದಿಂದ ಬಳಲುವವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಇಎಫ್ ಚೆನ್ನಾಗಿಯೇ ಇರುತ್ತದೆ, ಅವರಲ್ಲಿ ಬಹುಪಾಲು ಮಂದಿಗೆ ಬಿಪಿಯ ಹಿನ್ನೆಲೆ ಇರುತ್ತದೆ. ‘ಎಕೋ ನಾರ್ಮಲ್’ ಎಂದುಕೊಂಡು ಉಬ್ಬಸಕ್ಕೆ, ಗ್ಯಾಸಿಗೆ ಔಷಧಿ ನುಂಗುತ್ತ ಕಾಲ ಕಳೆಯುವವರಲ್ಲಿ ಇಂಥವರೂ ಇರುತ್ತಾರೆ ಎಂಬುದು ನನಗೆ ಬಹಳ ಸಂಕಟದ ಸಂಗತಿ.

ಕೂತಲ್ಲಿ ಆರಾಮಾಗಿದ್ದವರಿಗೆ ಮೆಟ್ಟಿಲು ಹತ್ತುವಾಗ ಮಾತ್ರ ಏದುಸಿರು ಬರುವುದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ನಿಮಿಷಕ್ಕೆ 70 ಬಡಿತವಿರುವಾಗ ಪ್ರತಿ ಬಡಿತಕ್ಕೆ ಒಂದು ಸೆಕೆಂಡಿಗಿಂತ ತುಸು ಕಡಿಮೆ ಸಮಯ. ಅದರಲ್ಲಿ ಮೂರನೇ ಒಂದು ಭಾಗ ಹಿಂಡಲು, ಉಳಿದದ್ದು ತುಂಬಲು. ಬಡಿತ 120ಕ್ಕೆ ಏರಿದಾಗ ಹೆಚ್ಚು ಕಡಿತವಾಗುವುದು ತುಂಬುವ ಸಮಯಕ್ಕೇ. ಆರೋಗ್ಯವಂತ ಹೃದಯ ಬೇಗ ಸಡಿಲಗೊಂಡು ಅಷ್ಟರಲ್ಲೇ ತುಂಬಿಕೊಳ್ಳುತ್ತದೆ. ಬಿರುಸಾದ ಹೃದಯಕ್ಕೆ ಅದು ಆಗದು. ಒಳಗೆ ಹೋಗಲಾಗದ ರಕ್ತ ಎಡ ಮೇಲ್ಕೋಣೆಯಲ್ಲಿ, ಅಲ್ಲಿಂದ ಹಿಂದಕ್ಕೆ ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿಸುತ್ತದೆ. ಅದೇ ಏದುಸಿರು. ಒತ್ತಡ ಇನ್ನೂ ಏರಿದರೆ ನೀರು ಶ್ವಾಸಕೋಶದೊಳಕ್ಕೇ ಜಿನುಗುತ್ತದೆ.

ಎಡ ಮೇಲ್ಕೋಣೆಯೂ ಇದರಲ್ಲಿ ಬಳಲುತ್ತದೆ. ಕೆಳಕೋಣೆ ಬಿರುಸಾದಾಗ ಕೊನೆಯ ಒಂದಿಷ್ಟು ರಕ್ತವನ್ನು ಮೇಲ್ಕೋಣೆ ಬಲವಾಗಿ ತಳ್ಳಿ ತುಂಬಿಸಬೇಕಾಗುತ್ತದೆ. ಹಾಗೆ ತಳ್ಳಿ ತಳ್ಳಿ ಅದು ಹಿಗ್ಗುತ್ತದೆ. ಹಿಗ್ಗಿದ ಮೇಲ್ಕೋಣೆಯಲ್ಲಿ ವಿದ್ಯುತ್ ಲಯ ತಪ್ಪುತ್ತದೆ, ಸ್ನಾಯು ತಾಳವಿಲ್ಲದೆ ಅದುರತೊಡಗುತ್ತದೆ. ವೈದ್ಯರು ಏಟ್ರಿಯಲ್ ಫಿಬ್ರಿಲೇಶನ್ ಎನ್ನುವ ಈ ಸ್ಥಿತಿಗೆ ಬಿಪಿಯೂ ಒಂದು ದೊಡ್ಡ ಕಾರಣ. ಮೇಲ್ಕೋಣೆಯ ತಳ್ಳು ಇಲ್ಲವಾದಾಗ ಅಲ್ಲಿಯವರೆಗೆ ಹೇಗೋ ನಿಭಾಯಿಸುತ್ತಿದ್ದ ಹೃದಯ ಒಂದೇ ದಿನದಲ್ಲಿ ಕುಸಿಯಬಹುದು; ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು.

ಹೃದಯ ತನಗೆ ಬೇಕಾದ ರಕ್ತವನ್ನು ಪಡೆಯುವ ಬಗೆ ಉಳಿದೆಲ್ಲ ಅಂಗಗಳಿಗಿಂತ ಬೇರೆ. ಹಿಂಡುವಾಗ ಅದರ ಸ್ನಾಯುವೇ ತನ್ನೊಳಗಿನ ನಾಳಗಳನ್ನು ಅದುಮಿಬಿಡುತ್ತದೆ. ಎಡ ಕೆಳಕೋಣೆಗೆ ರಕ್ತ ಸಿಗುವುದು ಹೆಚ್ಚಾಗಿ ಸಡಿಲಗೊಂಡ ಹೊತ್ತಿನಲ್ಲಿ, ಬಿಪಿಯ ಕೆಳಗಿನ ಅಂಕಿಯ ಬಲದಿಂದ. 170/70 ಇರುವ ಹಿರಿಯರಲ್ಲಿ ಹೃದಯ 170ಕ್ಕೆ ಎದುರಾಗಿ ದುಡಿಯುತ್ತದೆ, ಉಣ್ಣುವುದು ಮಾತ್ರ 70ರ ಬಲದಲ್ಲಿ. ಗೋಡೆಯ ತೀರಾ ಒಳಪದರಕ್ಕೆ ಕೊರತೆ ಮೊದಲು ಮುಟ್ಟುತ್ತದೆ. ಹಾಗಾಗಿ ಆಂಜಿಯೋಗ್ರಾಂನಲ್ಲಿ ದೊಡ್ಡ ಬ್ಲಾಕ್ ಕಾಣದಿದ್ದರೂ ನಡೆಯುವಾಗ ಎದೆ ಬಿಗಿಯುವುದುಂಟು. ಇದರ ಜತೆಗೆ ಏರಿದ ಒತ್ತಡ ನಾಳಗಳ ಒಳಪೊರೆಗೆ ಪೆಟ್ಟು ಕೊಟ್ಟು ಕೊಲೆಸ್ಟರಾಲ್ ಒಳಗೆ ಸೇರಲು ದಾರಿ ಮಾಡಿಕೊಡುತ್ತದೆ. ಬ್ಲಾಕ್, ಹೃದಯಾಘಾತದ ಕಥೆ ಅಲ್ಲಿಂದ ಶುರು. ಹೃದಯಾಘಾತದಲ್ಲಿ ಸ್ನಾಯುವಿನ ಒಂದು ತುಂಡು ಸತ್ತ ಮೇಲೆ ಗೋಡೆ ತೆಳುವಾಗಿ, ಕೋಣೆ ಹಿಗ್ಗಿ, ಹಿಂಡುವ ಬಲವೂ ಹೋಗುತ್ತದೆ. ಇಎಫ್ ಅಂಕಿ ಕುಸಿಯುವುದು ಆಗ.

ಇಷ್ಟೂ ಹಂತಗಳನ್ನು ಒಬ್ಬ ಮನುಷ್ಯನ ದಾಖಲೆಯಲ್ಲಿ ನೋಡಬೇಕೆಂದರೆ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರದನ್ನು ನೋಡಬೇಕು. 1935ರಲ್ಲಿ ಅವರ ಬಿಪಿ 136/78. 1937ರಲ್ಲಿ 162/98. 1941ರಲ್ಲಿ 188/105. ಏರುತ್ತಿರುವುದು ಕಾಗದದ ಮೇಲೆ ಸ್ಪಷ್ಟವಾಗಿತ್ತು, ಚಿಕಿತ್ಸೆ ಮಾತ್ರ ಇರಲಿಲ್ಲ. 1944ರ ಮಾರ್ಚಿನಲ್ಲಿ ಹೊವರ್ಡ್ ಬ್ರೂಯೆನ್ ಎಂಬ ನೌಕಾಪಡೆಯ ಯುವ ಹೃದ್ರೋಗ ತಜ್ಞ ಅವರನ್ನು ಪರೀಕ್ಷಿಸಿದಾಗ ಬಿಪಿ 186/108 ಇತ್ತು, ತುಟಿ ತುಸು ನೀಲಿಗಟ್ಟಿತ್ತು, ಸ್ವಲ್ಪ ಅಲುಗಾಡಿದರೂ ಏದುಸಿರು, ಶ್ವಾಸಕೋಶದ ಬುಡದಲ್ಲಿ ನೀರಿನ ಸದ್ದು, ಹೃದಯ ಹಿಗ್ಗಿ ಎಡಕ್ಕೆ ಸರಿದಿತ್ತು. ಬಿಪಿಯಿಂದ ಹೃದಯ ಕೆಟ್ಟು ಎಡ ಕೋಣೆ ಸೋತಿದೆ ಎಂದು ಬ್ರೂಯೆನ್ ಬರೆದರು. ಅವರ ಕೈಯಲ್ಲಿದ್ದದ್ದು ಡಿಜಿಟಾಲಿಸ್ ಎಂಬ ಹೃದಯದ ಹಳೆಯ ಔಷಧಿ, ಉಪ್ಪು ಕಡಿತ, ವಿಶ್ರಾಂತಿ, ತಲೆಯ ಕಡೆ ಎತ್ತರಿಸಿದ ಮಂಚ, ಇಷ್ಟೇ. ರೂಸ್‌ವೆಲ್ಟ್ ಸುಧಾರಿಸಿಕೊಂಡು ನಾಲ್ಕನೇ ಸಲ ಚುನಾವಣೆ ಗೆದ್ದರು. 1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದವರು ಪ್ರಜ್ಞೆ ತಪ್ಪಿದರು. ಆಗ ಅಳೆದ ಬಿಪಿ 300/190. ಮಿದುಳಿನಲ್ಲಿ ರಕ್ತಸ್ರಾವವಾಗಿ ಅದೇ ಮಧ್ಯಾಹ್ನ ತೀರಿಕೊಂಡಾಗ ಅವರಿಗೆ 63 ವರ್ಷ.

ಜಗತ್ತಿನ ಅತಿ ಬಲಿಷ್ಠ ದೇಶದ ಅಧ್ಯಕ್ಷರಿಗೇ ಸಿಗದ ಚಿಕಿತ್ಸೆ ಇಂದು ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಡಿಗಾಸಿಲ್ಲದೆ ಸಿಗುತ್ತದೆ. ನಡುವಿನ ದಾರಿ ಸುಲಭದ್ದಾಗಿರಲಿಲ್ಲ. 1948ರಲ್ಲಿ ಅಮೆರಿಕ ಹೃದ್ರೋಗ ಸಂಶೋಧನೆಗೆಂದೇ ಕಾಯಿದೆ ತಂದಿತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಜನರನ್ನು ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ಹೃದಯ ವೈಫಲ್ಯಕ್ಕೆ ಒಳಗಾದವರಲ್ಲಿ ಶೇ. 91 ಮಂದಿಗೆ ಅದಕ್ಕೂ ಮುಂಚೆ ಬಿಪಿ ಇತ್ತು ಎಂದು ಆ ಊರಿನ ಲೆಕ್ಕ 1996ರಲ್ಲಿ ತೋರಿಸಿತು. ಬಿಪಿ ಇಳಿಸಿದರೆ ಜೀವ ಉಳಿಯುತ್ತದೆ ಎಂಬುದನ್ನು ಮೊದಲು ಖಚಿತವಾಗಿ ತೋರಿಸಿದ್ದು 1967ರ ಒಂದು ಪುಟ್ಟ ಪ್ರಯೋಗ. ಕೆಳಗಿನ ಬಿಪಿ 115ರಿಂದ 129 ಇದ್ದ 143 ಮಾಜಿ ಸೈನಿಕರಲ್ಲಿ, ಹುಸಿಮಾತ್ರೆ ಪಡೆದ 70 ಮಂದಿಯ ಪೈಕಿ 27 ಮಂದಿ ಗಂಭೀರ ತೊಂದರೆಗೆ ಸಿಲುಕಿದರೆ ನಿಜವಾದ ಮಾತ್ರೆ ಪಡೆದ 73 ಮಂದಿಯ ಪೈಕಿ ಇಬ್ಬರು ಮಾತ್ರ.

‘ಎಂಬತ್ತಾದವರಿಗೆ ಇನ್ನೆಂಥ ಬಿಪಿ ಮಾತ್ರೆ’ ಎನ್ನುವ ಮನೆಗಳಿವೆ. 2008ರಲ್ಲಿ ಪ್ರಕಟವಾದ ಹೈವೆಟ್ ಎಂಬ ಅಧ್ಯಯನ 80 ದಾಟಿದವರನ್ನೇ ತೆಗೆದುಕೊಂಡಿತ್ತು. ಮಾತ್ರೆ ಪಡೆದವರಲ್ಲಿ ಹೃದಯ ವೈಫಲ್ಯ ಶೇ. 64ರಷ್ಟು ಕಡಿಮೆಯಾಯಿತು. ಬಿಪಿ ಚಿಕಿತ್ಸೆಯ ಫಲ ಲಕ್ವ ತಡೆಯುವುದರಲ್ಲಿ ಎಷ್ಟು ಸ್ಪಷ್ಟವೋ ಹೃದಯ ವೈಫಲ್ಯ ತಡೆಯುವುದರಲ್ಲೂ ಅಷ್ಟೇ ಸ್ಪಷ್ಟ.

ದಪ್ಪವಾದ ಗೋಡೆ ಮತ್ತೆ ತೆಳುವಾಗುತ್ತದೆಯೇ? ಆಗುತ್ತದೆ, ಬಹಳಷ್ಟು ಮಂದಿಯಲ್ಲಿ. ಬಿಪಿ ಹತೋಟಿಗೆ ಬಂದು ಹಾಗೇ ಉಳಿದರೆ ಕೆಲವು ತಿಂಗಳಿಂದ ಒಂದೆರಡು ವರ್ಷಗಳಲ್ಲಿ ಸ್ನಾಯು ಕರಗುತ್ತ ಬರುತ್ತದೆ. ನಾರು ಅಷ್ಟು ಸುಲಭಕ್ಕೆ ಹೋಗದು, ಬೇಗ ಹಿಡಿದಷ್ಟೂ ಒಳ್ಳೆಯದು. ಲೊಸಾರ್ಟನ್, ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆಗಳು ಆಂಜಿಯೋಟೆನ್ಸಿನ್ ಹಾರ್ಮೋನಿನ ದಾರಿಯನ್ನೇ ತಡೆಯುವುದರಿಂದ ಈ ವಿಷಯದಲ್ಲಿ ಒಂದು ಕೈ ಮೇಲು. ಇಸಿಜಿಯಲ್ಲಿ ಗೋಡೆ ದಪ್ಪವಾದ ಗುರುತಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಲೈಫ್ ಅಧ್ಯಯನದಲ್ಲಿ ಲೊಸಾರ್ಟನ್ ಮತ್ತು ಅಟೆನೊಲಾಲ್ ಎಂಬ ಬೇರೆ ಗುಂಪಿನ ಮಾತ್ರೆ ಬಿಪಿಯನ್ನು ಬಹುತೇಕ ಸಮನಾಗಿ ಇಳಿಸಿದರೂ, ಲೊಸಾರ್ಟನ್ ಪಡೆದವರಲ್ಲಿ ಗೋಡೆಯ ದಪ್ಪ ಹೆಚ್ಚು ಇಳಿಯಿತು, ಲಕ್ವ ಕಾಲು ಭಾಗ ಕಡಿಮೆಯಾಯಿತು. ಇದನ್ನು ಓದಿ ನಿಮ್ಮ ಮಾತ್ರೆಯನ್ನು ನೀವೇ ಬದಲಿಸಿಕೊಳ್ಳಬೇಡಿ. ಹೃದಯಾಘಾತ ಆದವರಿಗೆ, ಮೂತ್ರಪಿಂಡ ದುರ್ಬಲ ಇರುವವರಿಗೆ, ಗರ್ಭಿಣಿಯರಿಗೆ ಲೆಕ್ಕಾಚಾರ ಬೇರೆ. ಸಾರ್ಟನ್ ಗುಂಪಿನ ಮಾತ್ರೆಯಂತೂ ಗರ್ಭಿಣಿಯರಿಗೆ ಸಲ್ಲದು.

ಮಾತ್ರೆ ಬಿಡುವುದು ಎರಡು ಕಾರಣಕ್ಕೆ. ಒಂದು, ‘ಈಗ ನಾರ್ಮಲ್ ಬಂತಲ್ಲ’ ಎಂಬ ಭಾವನೆ. ನಾರ್ಮಲ್ ಬಂದದ್ದು ಮಾತ್ರೆಯಿಂದ; ನಿಲ್ಲಿಸಿದರೆ ಹೆಚ್ಚಿನವರಲ್ಲಿ ಬಿಪಿ ಮತ್ತೆ ಏರುತ್ತದೆ, ಕರಗುತ್ತಿದ್ದ ಗೋಡೆ ಮತ್ತೆ ದಪ್ಪವಾಗತೊಡಗುತ್ತದೆ. ಎರಡು, ಅಡ್ಡಪರಿಣಾಮ. ಅಮ್ಲೋಡಿಪಿನ್‌ನಿಂದ ಕಾಲು ಊದುತ್ತದೆ, ರಾಮಿಪ್ರಿಲ್ ಗುಂಪಿನಿಂದ ಒಣಕೆಮ್ಮು ಬರುತ್ತದೆ. ಇದನ್ನು ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸುತ್ತಾರೆ ಅಥವಾ ಬೇರೆ ಮಾತ್ರೆ ಕೊಡುತ್ತಾರೆ. ಕಾಲು ಊತ ಹೃದಯ ಸೋತದ್ದರ ಗುರುತೂ ಆಗಿರಬಹುದಾದ್ದರಿಂದ ಹೇಳಲೇಬೇಕು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಬಿಪಿ ಏರಿಸುತ್ತದೆ. ಕೆಮ್ಮಿಗೆ ದಿನಾ ಕುಡಿಯುವ ಜೇಷ್ಠಮಧುವಿನ ಕಷಾಯವೂ ಅಷ್ಟೇ, ಅದು ದೇಹದಲ್ಲಿ ಉಪ್ಪು ನಿಲ್ಲುವಂತೆ ಮಾಡುತ್ತದೆ.

ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಎಲ್ಲ ಅಡುಗೆ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ. ನಮ್ಮ ಊಟದಲ್ಲಿ ಅದು ಸಾರು, ಹುಳಿಯಲ್ಲೇ ಮುಗಿದುಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಚಟ್ನಿಪುಡಿ, ಬೇಕರಿಯ ಖಾರ, ಕರಾವಳಿಯ ಒಣಮೀನು ಎಲ್ಲ ಅದರ ಮೇಲಿನವು. ಸೈಂಧವ ಲವಣ ಬಿಪಿಗೆ ಒಳ್ಳೆಯದೆಂದು ಮೊಬೈಲಿನಲ್ಲಿ ಓಡಾಡುವ ಮಾತನ್ನು ನಂಬಬೇಡಿ, ಅದೂ ಹೆಚ್ಚಿನಂಶ ಸೋಡಿಯಂ ಕ್ಲೋರೈಡೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟಿಸಿದಂತೆ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಬಿಪಿ ಇದೆ. ಅನೇಕರಿಗೆ ಅದು ಗೊತ್ತಿಲ್ಲ, ಗೋಡೆ ದಪ್ಪವಾಗುವಾಗ ನೋಯುವುದಿಲ್ಲವಲ್ಲ. ತಲೆನೋವು, ತಲೆಸುತ್ತು ಇಲ್ಲವೆಂದರೆ ಬಿಪಿ ಇಲ್ಲವೆಂದು ಅರ್ಥವಲ್ಲ, ಅಳೆದೇ ತಿಳಿಯಬೇಕು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಅಂಗಿಯ ತೋಳು ಸರಿಸಿ, ಕೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತಾಡದೆ ಎರಡು ಸಲ ಅಳೆಯಬೇಕು. ಕಾಫಿ, ಬೀಡಿ-ಸಿಗರೇಟು ಅರ್ಧ ಗಂಟೆ ಮುಂಚೆಯೇ ಬೇಡ. ಆಸ್ಪತ್ರೆಯಲ್ಲಿ ಪದೇ ಪದೇ 140/90, ಮನೆಯಲ್ಲಿ 135/85 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಿಪಿ ಇದೆ ಎಂದೇ ಲೆಕ್ಕ. ಅಂಥವರು ವೈದ್ಯರ ಸಲಹೆಯಂತೆ ಇಸಿಜಿ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ ಮಾಡಿಸಬೇಕು; ಬೇಕೆಂದಾಗ ಎಕೋ.

ಬಿಪಿ ಇರುವವರು ಮಲಗಿದ ಒಂದೆರಡು ಗಂಟೆಯಲ್ಲಿ ಉಸಿರುಗಟ್ಟಿದಂತಾಗಿ ಎದ್ದು ಕೂರುತ್ತಿದ್ದರೆ, ಒಂದು ದಿಂಬು ಸಾಲದೆ ಎರಡು ಮೂರು ಬೇಕಾಗುತ್ತಿದ್ದರೆ, ಮೂರ್ನಾಲ್ಕು ದಿನದಲ್ಲಿ ತೂಕ ಎರಡು ಕಿಲೋ ಏರಿದ್ದರೆ, ಕಳೆದ ವರ್ಷ ಹತ್ತುತ್ತಿದ್ದ ಮೆಟ್ಟಿಲಿಗೆ ಈ ವರ್ಷ ನಡುವೆ ನಿಲ್ಲಬೇಕಾಗಿದ್ದರೆ ಅದೇ ವಾರ ವೈದ್ಯರನ್ನು ಕಾಣಿ. ಎದೆ ಹಿಂಡಿದಂತೆ ನೋವು, ಕೂತರೂ ಇಳಿಯದ ಏದುಸಿರು, ನೊರೆ ಕಫ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ, ಏದುಸಿರಿದ್ದರೆ ರೋಗಿಯನ್ನು ಮಲಗಿಸದೆ ಒರಗಿ ಕೂರಿಸಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನು ಜತೆಗೆ ಒಯ್ಯಿರಿ.